ಉಗುರು ಇಳಿಯುವಷ್ಟು ಮೆತ್ತಗೆ

ಕೂದಲಿನ ಮೂರನೆಯ ಉಂಡೆಯೊಳಗೆ ದಬ್ಬಣ ತೂರಿಸಿ ಸಿಕ್ಕನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದ ಹುಲಿಗವ್ವನಿಗೆ, ಮನೆ ಬಹಳ ಹೊತ್ತಿನಿಂದ ಸದ್ದಿಲ್ಲದೆ ಇದೆ ಅನ್ನಿಸಿತು. ಆರು ತಿಂಗಳ ನಾಯಿಮರಿ ಇರುವ ಮನೆ ಹಾಗೆ ಸುಮ್ಮನಿರುವುದು ಒಳ್ಳೆಯ ಲಕ್ಷಣವಲ್ಲ. ಆದರೂ ಕೈಯಲ್ಲಿದ್ದ ಎಳೆ ಕಡಿಯಬಾರದೆಂದು ಅದನ್ನು ಪೂರ್ತಿ ಬಿಡಿಸಿ, ಮೊಣಕಾಲ ಮೇಲೆ ಹಾಸಿಕೊಂಡು, ಆಮೇಲೆಯೇ ತಿರುಗಿ ನೋಡಿದಳು.

ಸಜ್ಯಾ ಮೂಲೆಯಲ್ಲಿ ಮುಂಗಾಲು ಚಾಚಿ ಮಲಗಿದ್ದ. ಕಾಲುಗಳ ನಡುವೆ, ಅವಳು ಹಿಂದಿನ ದಿನ ಸಂಜೆ ದಾರ ಕಟ್ಟಿ ಗೋಡೆಗೆ ಒರಗಿಸಿಟ್ಟಿದ್ದ ಉದ್ದ ಕೂದಲಿನ ಕಟ್ಟು. ಅರ್ಧ ಕಟ್ಟು ಜೊಲ್ಲಿನಲ್ಲಿ ನೆನೆದು ಮತ್ತೆ ಉಂಡೆಯಾಗಿತ್ತು. ಅವನು ಕಣ್ಣು ಮುಚ್ಚಿ, ಎಲೆ ಅಡಿಕೆ ಹಾಕಿಕೊಂಡ ಮುದುಕನ ಹಾಗೆ, ಒಂದೇ ದವಡೆಯಲ್ಲಿ ನಿಧಾನವಾಗಿ ಅಗಿಯುತ್ತಿದ್ದ.

"ಛಲೋ ಕೆಲಸಗಾರನ್ನ ಇಟ್ಕೊಂಡೀದಿ ಬಿಡು," ಎಂದು ಬಾಗಿಲಿನಿಂದ ದನಿ ಬಂತು.

ಶಂಕ್ರಮ್ಮ ನಿಂತಿದ್ದಳು. ಓಣಿಯ ಹೆಂಗಸರಿಗೆಲ್ಲ ಕೂದಲಿನ ಗಂಟು ಕೊಟ್ಟು, ಬಿಡಿಸಿದ್ದನ್ನು ತೂಗಿ ತೆಗೆದುಕೊಳ್ಳುವವಳು ಅವಳೇ. ಭಾಗ್ಯನಗರದ ಆ ಓಣಿಯಲ್ಲಿ ಕೂದಲು ಬಿಡಿಸದ ಮನೆ ಸಿಗುವುದು ಕಷ್ಟ. ಯಾವ ಯಾವುದೋ ಊರಿನ ಹೆಂಗಸರು ತಲೆ ಬಾಚಿ, ಉದುರಿದ್ದನ್ನು ಬೆರಳಿಗೆ ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸುತ್ತಾರೆ. ಪಿನ್ನು ಪಾತ್ರೆ ಕೊಟ್ಟು ಅದನ್ನು ಕೊಳ್ಳುವವರು ಬರುತ್ತಾರೆ. ಅದೆಲ್ಲ ಚೀಲ ಚೀಲವಾಗಿ ಶಂಕ್ರಮ್ಮನ ಶೆಡ್ಡಿಗೆ ಬಂದು, ಅಲ್ಲಿಂದ ಗಂಟಾಗಿ ಹುಲಿಗವ್ವನಂಥವರ ಮಡಿಲಿಗೆ ಬೀಳುತ್ತದೆ. ಇಪ್ಪತ್ತೆರಡು ವರ್ಷದಿಂದ ಹುಲಿಗವ್ವ ಮುಖ ನೋಡದ ಹೆಂಗಸರ ಸಿಕ್ಕು ಬಿಡಿಸುತ್ತ ಬಂದಿದ್ದಳು.

"ಹಲ್ಲು ಬರಾಕತ್ತಾವ್ರಿ ಶಂಕ್ರಮ್ಮಾರ. ವಸಡಿ ತುರಸ್ತಾವು. ಏನರ ಕಡಿಯಾಕ ಬೇಕಾಗತೈತಿ ಅದಕ್ಕ."

"ನನ್ನ ಮೊಮ್ಮಗಗೂ ಹಲ್ಲು ಬಂದ್ವು. ಅಂವೇನ್ ಕೂದಲ ತಿನ್ನಲಿಲ್ಲ." ಶಂಕ್ರಮ್ಮ ಒದ್ದೆಯಾದ ಕಟ್ಟನ್ನು ಎರಡು ಬೆರಳಲ್ಲಿ ಎತ್ತಿ ನೋಡಿ ಕೆಳಗೆ ಬಿಟ್ಟಳು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡದೆ ಮಾತಾಡಿದಾಗಲೇ ಅವಳಿಗೆ ಹೆದರಬೇಕು ಎಂಬುದು ಓಣಿಗೆಲ್ಲ ಗೊತ್ತಿತ್ತು. "ನೋಡ ಹುಲಿಗವ್ವ, ನಾಯಿ ಇರ್ಲಿ, ಇಲ್ಲಾ ನನ್ನ ಕೂದಲ ಇರ್ಲಿ. ಎರಡೂ ಒಂದ ಮನ್ಯಾಗ ಇರಾಕಾಗಂಗಿಲ್ಲ. ಅಮಾಸಿ ಮರುದಿನ ಬರ್ತೀನಿ. ಯಾವುದು ಅನ್ನೂದು ಅಷ್ಟರಾಗ ನೀನ ಹೇಳು."

ಅಮಾವಾಸ್ಯೆಗೆ ಇನ್ನು ಹನ್ನೆರಡು ದಿನ ಇತ್ತು.

ರಾತ್ರಿ ಊಟಕ್ಕೆ ಕೂತ ಗಂಡ ದುರಗೇಶನಿಗೆ ಇದು ಯೋಚನೆ ಮಾಡುವ ವಿಷಯವಾಗಿ ಕಾಣಲೇ ಇಲ್ಲ. ಅವನು ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ; ಬೆನ್ನ ಮೇಲಿನ ಭಾರವನ್ನು ಎಲ್ಲಿ ಇಳಿಸಬೇಕೆಂದು ಬೇಗ ನಿರ್ಧರಿಸುವುದು ಅವನಿಗೆ ರೂಢಿ.

"ತಳಕಲ್ಲಿಗೆ ನಮ್ಮಣ್ಣನ ಹೊಲಕ್ಕ ಬಿಟ್ಟು ಬರ್ತೀನಿ. ಹೊಲಾ ಕಾಯ್ಕೊಂಡು ಇರತೈತಿ."

"ಅಲ್ಲಿ ಹಗ್ಗಾ ಹಾಕಿ ಕಟ್ತಾರ."

"ನಾಯಿಗಿ ಹಗ್ಗಾ ಹಾಕದ ಏನ್ ಬಂಗಾರದ ಸರಾ ಹಾಕ್ತಾರೇನು?"

ಹುಲಿಗವ್ವ ಅವನ ತಟ್ಟೆಗೆ ಪಲ್ಯ ಬಡಿಸಿದಳು. ಹೇಳಿದರೆ ಏನೆಂದು ಹೇಳುವುದು? ಇಬ್ಬರು ಹೆಣ್ಣುಮಕ್ಕಳು, ಒಬ್ಬಳು ಕುಷ್ಟಗಿಗೆ, ಒಬ್ಬಳು ಗಂಗಾವತಿಗೆ ಹೋಗಿ ತಮ್ಮ ತಮ್ಮ ಸಂಸಾರದಲ್ಲಿ ಚೆನ್ನಾಗಿಯೇ ಇದ್ದರು. ಅವಳಿಗೆ ಕೊರತೆ ಎಂದು ಬೆರಳಿಟ್ಟು ತೋರಿಸುವಂಥದ್ದೇನೂ ಇರಲಿಲ್ಲ. ಆದರೆ ಈ ಸಜ್ಜೆ ಬಣ್ಣದ ಮರಿ, ಚಳಿಗಾಲದ ಒಂದು ಬೆಳಿಗ್ಗೆ ಶೆಡ್ಡಿನಿಂದ ಅವಳ ಹಿಂದೆಯೇ ನಡೆದು ಬಂದದ್ದು, ಓಣಿಯಲ್ಲಿ ಅಷ್ಟು ಮನೆಗಳಿದ್ದರೂ ಅವಳ ಹೊಸ್ತಿಲನ್ನೇ ಹತ್ತಿತ್ತು. ಅವಳು ಕೂತರೆ ಮಲಗುತ್ತಿತ್ತು, ಎದ್ದರೆ ಏಳುತ್ತಿತ್ತು. ಅವಳ ಬದುಕಿನಲ್ಲಿ ಬಂದವರೆಲ್ಲ ಯಾರಾದರೂ ತಂದುಕೊಟ್ಟವರು, ಇಲ್ಲವೇ ಅವಳನ್ನು ಯಾರಾದರೂ ಕೊಟ್ಟ ಕಡೆ ಇದ್ದವರು. ತಾನಾಗಿ ಅವಳನ್ನು ಆರಿಸಿಕೊಂಡು ಬಂದದ್ದು ಇದೊಂದೇ. ಇದನ್ನು ಬಾಯಿಬಿಟ್ಟು ಹೇಳಿದರೆ ದುರಗೇಶ ನಗುತ್ತಾನೆ. ನಕ್ಕರೆ ತಪ್ಪೂ ಅಲ್ಲ.

ಇವನನ್ನು ಕಳಿಸುವುದಿಲ್ಲ ಎಂದು ಅವಳು ತಟ್ಟೆ ತೊಳೆಯುವಾಗ ಗಟ್ಟಿ ಮಾಡಿಕೊಂಡಳು. ಅಂದರೆ, ಅವನ ಬಾಯಿಗೆ ಕೂದಲಿಗಿಂತ ಒಳ್ಳೆಯದೊಂದು ಸಿಗಬೇಕು.

ಮರುದಿನ ಅವಳಿಗೆ ಹೊಳೆದ ಉಪಾಯ ಆ ಓಣಿಯಲ್ಲಿ ಮಾತ್ರ ಹೊಳೆಯಬಹುದಾದಂಥದ್ದು. ಬಿಡಿಸಿದ ಮೇಲೆ ಬೆರಳುದ್ದಕ್ಕಿಂತ ಚಿಕ್ಕ ಚೂರು ಕೂದಲು ಉಳಿಯುತ್ತದೆ. ಅದು ಯಾರಿಗೂ ಬೇಡ. ಮನೆ ಮನೆಯಲ್ಲೂ ಚೀಲ ತುಂಬಿ ಬಿದ್ದಿರುತ್ತದೆ. ನಾಯಿಗೆ ಕೂದಲೇ ಬೇಕಲ್ಲವೇ, ಅವನದೇ ಒಂದು ಪಾಲು ಅವನಿಗೆ ಕೊಟ್ಟರಾಯಿತು. ಹಳೆಯ ಕಾಲುಚೀಲದಲ್ಲಿ ಚೂರು ಕೂದಲು ಒತ್ತಿ ತುಂಬಿ, ಬಾಯಿ ಹೊಲಿದು, ತೆಂಗಿನಕಾಯಿಯಷ್ಟು ದಪ್ಪದ ಚೆಂಡು ಮಾಡಿದಳು.

ಪಕ್ಕದ ಮನೆಯ ಗೌಸಬೀ ತನ್ನ ಗಂಟನ್ನು ಹೊತ್ತು ಬಂದು ಜೊತೆಗೆ ಕೂತವಳು ಚೆಂಡನ್ನು ಒತ್ತಿ ನೋಡಿದಳು. "ಅಕ್ಕಾ, ಭಾಳ ಶಾಣ್ಯಾಕಿ ಅದೀ. ಇದು ಹಿಂಗ ಮೆತ್ತಗಿದ್ರ ನಾ ನನ್ನ ಅತ್ತಿಗೊಂದು ತಲಿದಿಂಬ ಮಾಡ್ತೀನಿ."

"ನಿಮ್ಮತ್ತಿ ಹರದು ತಿನ್ನಂಗಿಲ್ಲ ಅಂದ್ರ ಮಾಡಿಕೊಡು."

"ಅದರದೊಂದು ಗ್ಯಾರಂಟಿ ಇಲ್ಲ ನೋಡು."

ಎರಡು ದಿನ ಸಜ್ಯಾ ಆ ಚೆಂಡನ್ನು ಬಿಟ್ಟು ಅಲುಗಲಿಲ್ಲ. ಕಟ್ಟುಗಳ ಕಡೆ ಮೂತಿಯನ್ನೂ ತಿರುಗಿಸಲಿಲ್ಲ. ಹುಲಿಗವ್ವ ತಲೆ ಎತ್ತದೆ ಕೆಲಸ ಮಾಡಿದಳು, ಗೆದ್ದೆನೆಂದೇ ಅಂದುಕೊಂಡಳು. ಮೂರನೆಯ ದಿನ ಬೆಳಿಗ್ಗೆ ಅವನು ರೊಟ್ಟಿ ಮುಟ್ಟಲಿಲ್ಲ. ಮಧ್ಯಾಹ್ನ ಬೆನ್ನು ಬಿಲ್ಲಿನಂತೆ ಬಗ್ಗಿಸಿ ಹಳದಿ ನೀರು ಕಾರಿದ. ನೀರಿನಲ್ಲಿ ಕಪ್ಪು ಎಳೆಗಳಿದ್ದವು. ಚೆಂಡನ್ನು ಎತ್ತಿ ನೋಡಿದರೆ ಹೊಲಿಗೆ ಬಿಚ್ಚಿತ್ತು. ಒಳಗೆ ಅರ್ಧಕ್ಕರ್ಧ ಖಾಲಿ.

ಅವಳು ಅವನನ್ನು ಹಳೆಯ ಸೀರೆಯಲ್ಲಿ ಸುತ್ತಿ ಎತ್ತಿಕೊಂಡು ಆಟೋ ಹತ್ತಿ ಕೊಪ್ಪಳದ ದನದ ದವಾಖಾನೆಗೆ ಹೋದಳು. ಎಮ್ಮೆ, ಆಡುಗಳ ನಡುವೆ ತನ್ನ ಪಾಳಿ ಬರುವವರೆಗೆ ಅವನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಕೂತಳು. ತನ್ನ ಕೈಯಿಂದ ತಾನೇ ಹೊಲಿದದ್ದು. ಬೇರೆ ಯಾರೋ ಹಾಕಿದ್ದರೆ ಬೈಯಬಹುದಿತ್ತು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಹೊಟ್ಟೆ ಹಿಚುಕಿ ನೋಡಿ, ಸೂಜಿ ಮಾಡಿ, ಸಲೈನ್ ಹಚ್ಚಿದಳು. "ಒಳಗ ಗಂಟಾಗೇತ್ರಿ. ನಾಳೆ ಬೆಳಗಿನತನಾ ನೋಡೂಣು. ತಾನ ಹೊರಗ ಬಂತಂದ್ರ ಪುಣ್ಯಾ. ಇಲ್ಲಂದ್ರ ಹೊಟ್ಟಿ ಕೊಯ್ಯಬೇಕಾಗತೈತಿ. ಹಿಂದಿನಿಂದ ಎಳಿ ಕಾಣಿಸಿದ್ರ ಮಾತ್ರ ಜಗ್ಗಬ್ಯಾಡ್ರಿ, ಕರಳು ಕೊಯ್ದಂಗಾಗತೈತಿ."

ಮರುದಿನ ನಸುಕಿನಲ್ಲಿ ಹಿತ್ತಿಲಲ್ಲಿ ಸಜ್ಯಾ ಕಾಲು ಬಗ್ಗಿಸಿ ಮುಕ್ಕರಿಯುತ್ತಿದ್ದ. ಗೇಣುದ್ದದ ಕಪ್ಪು ಎಳೆ ಹೊರಗೆ ಜೋತಾಡುತ್ತಿತ್ತು. ನೀರಿಗೆ ಬಂದ ದುರಗೇಶ ನೋಡಿ, "ತಡಿ, ಹಿಡದು ಜಗ್ಗಿ ಬಿಡ್ತೀನಿ," ಎಂದು ಬಗ್ಗಿದ.

"ಮುಟ್ಟಬ್ಯಾಡ್ರಿ."

ಅವಳು ಅಂಥ ದನಿಯಲ್ಲಿ ಅವನೊಂದಿಗೆ ಮಾತಾಡಿದ್ದು ಇಬ್ಬರಿಗೂ ನೆನಪಿರಲಿಲ್ಲ. ಅವನು ಕೈ ಹಿಂದೆ ತೆಗೆದ. ಡಾಕ್ಟರಮ್ಮ ಹೇಳದಿದ್ದರೂ ಅವಳಿಗದು ಗೊತ್ತಾಗುತ್ತಿತ್ತು. ಜಗ್ಗಿದರೆ ಸಿಕ್ಕು ಬಿಗಿಯುತ್ತದೆ. ಇಪ್ಪತ್ತೆರಡು ವರ್ಷ ಅವಳ ಬೆರಳು ಕಲಿತ ವಿದ್ಯೆ ಅದೊಂದೇ: ಕಾಯಬೇಕು, ಸಡಿಲಾಗಲು ಬಿಡಬೇಕು. ಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪವೇ ಅವನಿಗೆ ಕುಡಿಸುತ್ತ ಹಿತ್ತಿಲ ಕಲ್ಲಿನ ಮೇಲೆ ಕೂತಳು. ಬಿಸಿಲು ಗೋಡೆ ಇಳಿಯುವ ಹೊತ್ತಿಗೆ ಗಂಟು ಪೂರ್ತಿ ಹೊರಗೆ ಬಿತ್ತು. ಸಜ್ಯಾ ಹಗುರಾಗಿ, ಏನೂ ಆಗಿಲ್ಲವೆಂಬಂತೆ, ಅವಳ ಸೆರಗಿನ ತುದಿಯನ್ನು ಬಾಯಿಗೆ ಹಾಕಿಕೊಂಡ.

ಅಂದೇ ಅವಳು ಅವನನ್ನು ತೋರಿಸಲು ಮತ್ತೆ ದವಾಖಾನೆಗೆ ಹೋದಳು. ಈ ಸಲ ಕೇಳಲೆಂದೇ ಹೋದಳು.

"ಇದಕ್ಕ ಕಡಿಯಾಕ ಏನ್ ಕೊಡಬೇಕ್ರಿ? ಬರೋಬ್ಬರಿ ತಿಳಿಸಿ ಹೇಳ್ರಿ. ಇನ್ನೊಮ್ಮೆ ತಪ್ಪು ಮಾಡಾಕ ನನಗ ದಿನಾ ಉಳದಿಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. "ಮೊದಲ ನಿಮ್ಮ ಹೆಬ್ಬೆರಳ ಉಗುರು ಊರಿ ನೋಡ್ರಿ. ಉಗುರಿನ ಗುರುತು ಬೀಳಬೇಕು. ಬೀಳಲಿಲ್ಲ ಅಂದ್ರ ಅದು ಹಲ್ಲು ಮುರೀತೈತಿ. ಅದರ ಬಾಯಿಗಿಂತ ದೊಡ್ಡದಿರಬೇಕು, ನುಂಗಾಕ ಬರಬಾರದು. ದಾರಾ, ಬಟ್ಟಿ, ಹತ್ತಿ ಬಿಚ್ಚಿ ಬರೂವಂಥಾದ್ದು ಬ್ಯಾಡ. ಬೇಯಿಸಿದ ಎಲುಬು ಬ್ಯಾಡ, ಸೀಳಾಗಿ ಚುಚ್ಚತೈತಿ. ಕಾಳು ಬಿಡಿಸಿದ ಗೊಂಜಾಳದ ಬೆಂಡಂತೂ ಬ್ಯಾಡೇ ಬ್ಯಾಡ. ಸುಮ್ಮನ ಒಗೀತಾರ ಮಂದಿ, ನಾಯಿ ನುಂಗತೈತಿ, ಕರಳಾಗ ಬೆಣಿ ಬಡದಂಗ ಕುಂದರತೈತಿ. ದಪ್ಪನ್ನ ಗಜ್ಜರಿ ಕೊಡ್ರಿ, ಇಡೀದು. ಮತ್ತ ಏನರ ಕೊಡ್ರಿ, ಅದು ಕಡಿಯೂಮಟಾ ಒಬ್ರು ಮುಂದ ಕುಂತಿರಬೇಕು."

"ಕುಂತು ಏನ್ ಮಾಡಬೇಕ್ರಿ?"

"ನೋಡಬೇಕು."

"ಬರೇ ನೋಡೂದಾ?"

"ಬರೇ ನೋಡೂದು."

ಶಾಲೆಗೆ ಹೋಗದ ಹುಲಿಗವ್ವ ಅದನ್ನೆಲ್ಲ ಬೆರಳ ಗೆಣ್ಣಿಗೊಂದರಂತೆ ಎಣಿಸಿ ಮನಸ್ಸಿನಲ್ಲಿಟ್ಟುಕೊಂಡಳು. ಮನೆಗೆ ಬಂದವಳೇ ತನ್ನ ಮುಷ್ಟಿಯನ್ನು ಸಜ್ಯಾನ ಬಾಯಿಯ ಹತ್ತಿರ ಹಿಡಿದು ಅಳೆದಳು. ಮುಷ್ಟಿಗಿಂತ ದೊಡ್ಡದಿರಬೇಕು. ಅದೇ ಅಳತೆ.

ಮರುದಿನ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ, ಮೀನಿನ ಗಾಜಿನ ಪೆಟ್ಟಿಗೆ, ಹಕ್ಕಿಯ ಕಾಳು, ನಾಯಿಯ ಕೊರಳಪಟ್ಟಿ ಮಾರುವ ಜಿಲಾನಸಾಬನ ಅಂಗಡಿಯ ಮುಂದೆ ನಿಂತಳು. ಬಿಳಿ ಗಡ್ಡದ ಜಿಲಾನಸಾಬ ಎಲುಬಿನ ಆಕಾರದ, ಎರಡು ಕಡೆ ಗಂಟು ಹಾಕಿದ ಬಿಳಿಯ ವಸ್ತುವೊಂದನ್ನು ಮೊದಲು ತೆಗೆದಿಟ್ಟ.

"ಎಲ್ಲಾರೂ ಇದನ್ನ ಒಯ್ತಾರವ್ವಾ."

"ಏನಿಂದ ಮಾಡ್ಯಾರಿದನ್ನ?"

"ತೊಗಲು. ಒಣಗಿಸಿ ಸುತ್ತಿದ್ದು."

"ನೆನದ ಮ್ಯಾಲೆ ಏನಾಗತೈತಿ?"

ಜಿಲಾನಸಾಬನಿಗೆ ಇಂಥ ಪ್ರಶ್ನೆ ಹೊಸದು. "ನೆನದ ಮ್ಯಾಲೆ ಮೆತ್ತಗಾಗತೈತಿ. ಉಬ್ಬತೈತಿ."

"ಹೊಟ್ಯಾಗೂ ಉಬ್ಬತೈತಲ್ಲ," ಎಂದು ಅವಳು ಅದನ್ನು ಪಕ್ಕಕ್ಕೆ ಸರಿಸಿದಳು. ಕೋಡಿನ ತುಂಡಿಗೆ ಉಗುರು ಊರಿದಳು, ಉಗುರೇ ಬಾಗಿತು. ಗಟ್ಟಿ ಪ್ಲಾಸ್ಟಿಕ್ಕಿನ ಎಲುಬಿಗೂ ಗುರುತು ಬೀಳಲಿಲ್ಲ. ಬಣ್ಣದ ಹಗ್ಗದ ಗಂಟನ್ನು ಕೈಗೆ ಕೊಟ್ಟ. ಅವಳು ಬರಿ ಬೆರಳಿನಿಂದಲೇ ಮೂರು ಎಳೆ ಹೊರಗೆ ತೆಗೆದು ಅವನ ಮುಂದಿಟ್ಟಳು. ಹತ್ತಿ ತುಂಬಿದ ಕರಡಿಯ ಗಾಜಿನ ಕಣ್ಣನ್ನು ತಿರುವಿದಳು. ಅದು ಅವಳ ಅಂಗೈಗೆ ಬಂತು.

"ಏನವ್ವಾ, ಸಂತ್ಯಾಗ ಬೆಂಡಿಕಾಯಿ ಆರಿಸಿದಂಗ ಆರಸಾಕತ್ತೀಯಲ್ಲ," ಎಂದ ಜಿಲಾನಸಾಬ, ಒಕ್ಕಣ್ಣಾದ ಕರಡಿಯನ್ನು ಎತ್ತಿಕೊಳ್ಳುತ್ತ. "ನನ್ನ ಅಂಗಡಿ ಉಳಿಸಿ ಹೋಗು."

"ಬೆಂಡಿಕಾಯಿ ಬಲತಿದ್ರ ಸಾರು ಕೆಡತೈತ್ರಿ ಮಾಮಾ. ಇದು ಬಲತಿದ್ರ ನನ್ನ ನಾಯಿ ಕೆಡತೈತಿ."

ಅವನು ನಕ್ಕು, ಒಳಗಿನ ಮಾಡದಿಂದ ಧೂಳು ಒರೆಸಿ ಇನ್ನೊಂದನ್ನು ತಂದ. ಕರಿಯ ರಬ್ಬರಿನದು. ಒಂದರ ಮೇಲೊಂದು ಮೂರು ಬುಗುರಿ ಕೂರಿಸಿದ ಹಾಗಿತ್ತು, ಒಳಗೆ ಟೊಳ್ಳು. ಹುಲಿಗವ್ವ ಉಗುರು ಊರಿದಳು. ಇಳಿಯಿತು, ತೆಗೆದರೆ ಗುರುತು ನಿಧಾನವಾಗಿ ಮಾಯವಾಯಿತು. ಎರಡು ಕೈಯಲ್ಲಿ ಹಿಡಿದು ಜಗ್ಗಿದಳು. ಹೊಲಿಗೆ ಇಲ್ಲ, ಅಂಟಿಸಿದ್ದಿಲ್ಲ, ಕಣ್ಣಿಲ್ಲ. ಕೊನೆಗೆ ಮುಷ್ಟಿಯನ್ನು ಪಕ್ಕದಲ್ಲಿಟ್ಟು ನೋಡಿ, "ಇದರಾಗ ದೊಡ್ಡದು ಕೊಡ್ರಿ," ಎಂದಳು.

ಅಷ್ಟೆಲ್ಲ ಆರಿಸಿ ತಂದದ್ದನ್ನು ಸಜ್ಯಾ ಮೂಸಿ ನೋಡಿ, ಮೂತಿಯಿಂದ ತಳ್ಳಿ, ಎದ್ದು ಕೂದಲಿನ ಗಂಟಿನ ಕಡೆ ನಡೆದ. "ನೋಡಿದೇನ? ಅದಕ್ಕ ಗೊತ್ತೈತಿ ನೀ ಮೋಸ ಹೋಗೀದಿ ಅಂತ," ಎಂದ ದುರಗೇಶ. ಅಮಾವಾಸ್ಯೆಗೆ ಏಳು ದಿನ ಉಳಿದಿತ್ತು. "ಶುಕ್ರವಾರ ಸಂತಿ ಬಂಡಿ ಹೋಗತೈತಿ ತಳಕಲ್ಲಿಗೆ. ಹೇಳಿಡಲೇನು?"

"ಬ್ಯಾಡ."

ಅವಳು ಬೇಯಿಸಿದ ಜೋಳದ ನುಚ್ಚಿಗೆ ಚೂರು ಮಜ್ಜಿಗೆ ಕಲಸಿ ರಬ್ಬರಿನ ಟೊಳ್ಳಿನಲ್ಲಿ ಬೆರಳಿನಿಂದ ಒತ್ತಿ ತುಂಬಿದಳು. ಉಪ್ಪು ಹಾಕಲಿಲ್ಲ. ಸಜ್ಯಾ ತಿರುಗಿ ಬಂದ. ನೆಕ್ಕಿದ, ಒಳಗಿನದು ನಾಲಿಗೆಗೆ ಸಿಗದೆ ಕಡಿದ. ಕಡಿದರೆ ರಬ್ಬರು ಬಗ್ಗಿತು, ತುಸು ನುಚ್ಚು ಹೊರಗೆ ಬಂತು. ಆಮೇಲೆ ಎರಡೂ ಮುಂಗಾಲಿನಲ್ಲಿ ಅದನ್ನು ಅಪ್ಪಿಕೊಂಡು ಮಲಗಿಬಿಟ್ಟ. ಹುಲಿಗವ್ವ ಅವನ ಮುಂದೆ ಕೂತಳು.

ಕೂತದ್ದೇ ಕಷ್ಟವಾಯಿತು. ಮೊದಲ ದಿನ ಬೆರಳುಗಳು ತಮ್ಮಷ್ಟಕ್ಕೆ ಸೆರಗಿನ ನೂಲು ಹುಡುಕಿದವು. ಒಂದು ಉಂಡೆ ಬಿಡಿಸುತ್ತ ನೋಡಬಹುದಲ್ಲ ಅಂದುಕೊಂಡು ದಬ್ಬಣ ಎತ್ತಿಕೊಂಡಳು. ಎಳೆಯ ಮೇಲೆ ಕಣ್ಣು ಹೋದರೆ ನಾಯಿಯ ಮೇಲೆ ಉಳಿಯದು, ಹಾಗೆ ಬಿಟ್ಟದ್ದರಿಂದಲೇ ಅಲ್ಲವೇ ಚೆಂಡು ಬಿಚ್ಚಿದ್ದು ಎಂದು ಕೆಳಗಿಟ್ಟಳು. ಎರಡು ಕೈಗಳನ್ನೂ ಮಡಿಲಲ್ಲಿ ಮಲಗಿಸಿದಳು. ಕೆಲಸವಿಲ್ಲದ ತನ್ನ ಕೈಗಳನ್ನು ಅವಳು ನೋಡಿ ಎಷ್ಟು ಕಾಲವಾಗಿತ್ತೋ. ಹೆಬ್ಬೆರಳಿನ ಪಕ್ಕದಲ್ಲಿ ದಬ್ಬಣದ ಕೊರಕಲು ಇತ್ತು, ನಡುಬೆರಳು ತುಸು ಸೊಟ್ಟಗಾಗಿತ್ತು. ಬಾಣಂತನದಲ್ಲಿ ಕೂತಾಗಲೂ ಮಡಿಲಲ್ಲಿ ಒಂದು ಮೊರ ಇರುತ್ತಿತ್ತು.

ಮೂರನೆಯ ದಿನ ಬೆರಳು ಸುಮ್ಮನಾದವು. ನಾಲ್ಕನೆಯ ದಿನ ಮನಸ್ಸೂ ಸುಮ್ಮನಾಯಿತು. ಅಗಿಯುವ ಸದ್ದು, ದೂರದಲ್ಲಿ ರೈಲು, ಯಾರದೋ ಮನೆಯ ಒಗ್ಗರಣೆ. ಎದುರು ಗೋಡೆಯ ಸುಣ್ಣದಲ್ಲಿ ಹೇಮಗುಡ್ಡದ ಆಕಾರದ ಒಂದು ಕಲೆ ಇತ್ತು. ಮನೆ ಕಟ್ಟಿದಾಗಿನಿಂದ ಇದ್ದಿರಬೇಕು. ಅವಳು ಏನನ್ನೂ ನೆನೆಯಲಿಲ್ಲ, ಯಾರಿಗಾಗಿಯೂ ಮರುಗಲಿಲ್ಲ. ಬಿಸಿಲು ಹೊಸ್ತಿಲು ದಾಟುವವರೆಗೆ ನೋಡಿದಳು, ಅಷ್ಟೇ. ಮುಗಿದ ಮೇಲೆ ರಬ್ಬರನ್ನು ತೊಳೆದು, ಕಣ್ಣಿಗೆ ಕಾಣದ ಸೀಳಿಗಾಗಿ ಸುತ್ತಲೂ ಬೆರಳಾಡಿಸಿ, ಗೂಟಕ್ಕೆ ಹಾಕಿ, ಗಂಟಿನ ಮುಂದೆ ಕೂತಾಗ ಕತ್ತು ಹಗುರಾಗಿತ್ತು.

ನುಚ್ಚು ಬೇಡವಾದ ದಿನ ದಪ್ಪ ಗಜ್ಜರಿ ಕೊಟ್ಟಳು. ಗೌಸಬೀ ಭಾನುವಾರ ಸಾರಿನ ಎಲುಬು ತಂದಾಗ ಬಾಗಿಲಲ್ಲೇ ತಡೆದಳು.

"ನಾಯಿಗಿ ಎಲುಬು ಬ್ಯಾಡ ಅನ್ನೂ ಮನಿ ನಾ ಇದ ಮೊದಲ ನೋಡಿದ್ದು," ಎಂದಳು ಗೌಸಬೀ. "ನಾಳೆ ಅದಕ್ಕ ಟೂತ್‌ಪೇಸ್ಟ್ ತರ್ತೀಯೇನಕ್ಕಾ?"

"ಬೆಂದ ಎಲುಬು ಸೀಳತೈತಂತವ್ವಾ. ಇದರ ಹೊಟ್ಟಿ ಕೆಟ್ಟಿದ್ದು ಒಮ್ಮೆ ಕಣ್ಣಿಲೆ ಕಂಡೀನಿ, ಸಾಕು."

ಅಮಾವಾಸ್ಯೆಯ ಮರುದಿನ ಶಂಕ್ರಮ್ಮ ಬಂದಾಗ ಹುಲಿಗವ್ವ ಗೋಡೆಗೆ ಒರಗಿ, ಕೈಗಳನ್ನು ಮಡಿಲಲ್ಲಿಟ್ಟು ಕೂತಿದ್ದಳು. ಸಜ್ಯಾ ಎದುರಿಗೆ ರಬ್ಬರು ಕಡಿಯುತ್ತಿದ್ದ. ಬಿಡಿಸಿದ ಕಟ್ಟುಗಳು ಅವನಿಂದ ಮಾರುದೂರದಲ್ಲಿ ಸಾಲಾಗಿದ್ದವು.

ಶಂಕ್ರಮ್ಮ ಏನೂ ಕೇಳದೆ ಒಂದು ಕಟ್ಟು ಎತ್ತಿ ನಾಯಿಯ ಮೂತಿಯ ಮುಂದೆಯೇ ಹಾಕಿದಳು.  ಹುಲಿಗವ್ವ ಕೂತಲ್ಲಿಂದ ಏಳಲಿಲ್ಲ. ಸಜ್ಯಾ ಕಟ್ಟನ್ನು ಮೂಸಿದ. ಅದರ ಮೇಲೆ ಗದ್ದ ಇಟ್ಟ. ಆಮೇಲೆ ನುಚ್ಚಿನ ವಾಸನೆಗೆ ರಬ್ಬರಿನ ಕಡೆ ತಿರುಗಿ ಮತ್ತೆ ಅಗಿಯತೊಡಗಿದ. ಶಂಕ್ರಮ್ಮ ಸೊಂಟದ ಮೇಲೆ ಕೈ ಇಟ್ಟು ಸಾಕಷ್ಟು ಹೊತ್ತು ನೋಡಿದಳು.

"ಇರ್ಲಿ ಬಿಡು ನಿನ್ನ ನಾಯಿ," ಎಂದಳು ಕೊನೆಗೆ. "ನಮ್ಮ ಶೆಡ್ಡಿನ ಹುಡುಗ್ಯಾರಿಗೂ ಒಂದೊಂದು ಇಂಥಾದ್ದು ತಂದು ಕೊಡಬೇಕು, ಮಾತರ ಕಡಿಮಿ ಆದಾವು." ಹೊರಡಲು ತಿರುಗಿದವಳು ನಿಂತಳು. "ನೀ ಏನ್ ಹಿಂಗ ಕೈ ಕಟ್ಕೊಂಡು ಕುಂತಿ?"

"ಅದು ಕಡಿಯೂಮಟಾ ನೋಡಬೇಕ್ರಿ."

"ದಿನಾನೂ?"

"ದಿನಾನೂ."

"ಹಲ್ಲು ಬಂದು ಮುಗದಾವು, ಇನ್ನೇನ್ ನೋಡೂದು? ಮಾಲು ಭಾಳ ಬಂದೈತಿ ನಮ್ಮಲ್ಲೆ. ನಾಳಿಂದ ದಿನಾ ಎರಡರ ಮ್ಯಾಲೆ ಇನ್ನೊಂದು ಗಂಟು ಜಾಸ್ತಿ ಒಯ್ಯಿ. ಈ ಕುಂದ್ರೂ ಹೊತ್ತಿನ್ಯಾಗ ಅದೊಂದು ಮುಗೀತೈತಿ."

ಇಪ್ಪತ್ತೆರಡು ವರ್ಷದಿಂದ ಶಂಕ್ರಮ್ಮನ ಮಾತಿಗೆ ಹುಲಿಗವ್ವನ ನಾಲಿಗೆ ತಾನಾಗಿ "ಹೂಂ ರೀ" ಅನ್ನುತ್ತಿತ್ತು. ಈಗಲೂ ಅದು ತುದಿಗೆ ಬಂತು. ಅವಳು ತುಟಿ ಬಿಗಿ ಹಿಡಿದಳು. ಶಂಕ್ರಮ್ಮ ಸುಮ್ಮನಿರುವುದೇ ಒಪ್ಪಿಗೆ ಎಂದುಕೊಂಡು ಹೊಸ್ತಿಲು ಇಳಿದಳು.

ರಾತ್ರಿ ದುರಗೇಶ ಕೇಳಿದ. "ಏನಂದ್ಲು?"

"ನಾಯಿ ಇರ್ಲಿ ಅಂದ್ರು."

"ಮತ್ತ?"

"ಮತ್ತೇನಿಲ್ಲ."

ಅವನು ರೊಟ್ಟಿ ಮುರಿದ. ಸಜ್ಯಾ ಅವಳ ಬೆನ್ನಿಗೆ ಬೆನ್ನು ತಾಗಿಸಿ ಮಲಗಿದ್ದ. ನಾಯಿಗೆ ಹಲ್ಲು ಬಂದು ಮುಗಿಯಲಿ, ಮುಗಿಯದಿರಲಿ. ನಾಳೆ ಶೆಡ್ಡಿನ ಮುಂದೆ ಪಾಳಿ ಹಚ್ಚಿ ನಿಂತಾಗ ತಾನು ಶಂಕ್ರಮ್ಮ ಹೇಳಿದ ಮೂರು ಗಂಟಿನ ಬದಲು ಎಂದಿನ ಎರಡೇ ಎತ್ತಿಕೊಳ್ಳುವುದು. ನಾಡಿದ್ದೂ ಎರಡೇ. ಯಾಕೆಂದು ಕೇಳಿದರೆ ಇಷ್ಟೇ ಆಗುತ್ತದೆ ಅನ್ನುವುದು, ಕಾರಣ ಕೊಡದಿರುವುದು. ಸುಮ್ಮನೆ ಕೂತು ನೋಡುವ ಆ ಹೊತ್ತು ಅವಳದು.

ದುರಗೇಶ ಇನ್ನೊಂದು ರೊಟ್ಟಿ ಕೇಳಿದ. ಅವಳು ಹಾಕಿದಳು.